ಲಂಬಸೂತ್ರದಿಂದ ಬಂದೂಕಿನ ದೂರದರ್ಶಕದವರೆಗೆ

೧

ಪ್ರಮಾಣವೆಂಬ ಶಬ್ದಕ್ಕೆ ಶಾಸ್ತ್ರಗಳಲ್ಲಿ ಎರಡು ಅರ್ಥಗಳುಂಟು. ಅಳತೆಯೆಂಬುದು ಒಂದು, ಒಂದು ವಿಷಯವು ನಿಜವೆಂದು ತಿಳಿಯುವುದಕ್ಕೆ ಸಾಧನವಾದುದು ಎಂಬುದು ಮತ್ತೊಂದು. ಗೋಡೆಯನ್ನು ಕಟ್ಟುವ ಗಾರೆಯವನು ತೂಗುಗುಂಡನ್ನು ಇಳಿಯಬಿಟ್ಟು ನೋಡುವಾಗ ಈ ಎರಡು ಅರ್ಥಗಳೂ ಅವನ ಕೈಯ ದಾರದಲ್ಲಿ ಕೂಡಿಬರುತ್ತವೆ. ಅವನು ಗೋಡೆಯನ್ನು ಅಳೆಯುತ್ತಾನೆ. ಗೋಡೆಯು ನೆಟ್ಟಗಿದೆಯೆಂಬುದಕ್ಕೆ ಸಾಕ್ಷಿಯನ್ನೂ ಪಡೆಯುತ್ತಾನೆ. ಬಂದೂಕಿನ ಮೇಲೆ ದೂರದರ್ಶಕವನ್ನು ಕೂಡಿಸುವ ಕೆಲಸವೂ ಇದೇ ಜಾತಿಯದು. ನೋಡುವುದಕ್ಕೆ ಇದು ಆಯುಧಗಳನ್ನು ಮಾರುವ ಅಂಗಡಿಯ ಒಂದು ಸಣ್ಣ ಕಸುಬಿನಂತೆ ತೋರುವುದಾದರೂ, ಇದರಲ್ಲಿ ಬಳಕೆಯಾಗುವ ಉಪಕರಣಗಳ ವಂಶಾವಳಿಯನ್ನು ವಿಚಾರಿಸುತ್ತ ಹೋದರೆ ಮೂರು ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಬಂದೂಕಿನ ದೂರದರ್ಶಕವು ಉರುಟಾದ ಒಂದು ಕೊಳವೆ. ಅದನ್ನು ನಳಿಗೆಯ ಮೇಲ್ಗಡೆ ಎರಡು ಬಳೆಗಳ ನಡುವೆ ಇರಿಸಿ ತಿರುಪುಮೊಳೆಗಳಿಂದ ಬಿಗಿಯುತ್ತಾರೆ. ಕೊಳವೆಯ ಒಳಗೆ ಒಂದನ್ನೊಂದು ಅಡ್ಡಹಾಯುವ ಎರಡು ಸೂಕ್ಷ್ಮವಾದ ಎಳೆಗಳಿರುತ್ತವೆ. ಮೇಲಿನಿಂದ ಕೆಳಕ್ಕೆ ನಿಂತಿರುವುದನ್ನು ನೆಟ್ಟೆಳೆಯೆಂದೂ, ಎಡದಿಂದ ಬಲಕ್ಕೆ ಹಾಯುವುದನ್ನು ಅಡ್ಡೆಳೆಯೆಂದೂ ಕರೆಯಬಹುದು. ಇವೆರಡೂ ಕೂಡುವ ಬಿಂದುವನ್ನು ಗುರಿಯ ಮೇಲಿಟ್ಟು ಹೊಡೆಯುವುದು ಕ್ರಮ. ಚೌಕವಾದ ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟರೆ ಅದು ತಾನಾಗಿಯೇ ಸರಿಯಾಗಿ ಕೂರುತ್ತದೆ. ಉರುಟಾದ ಕೊಳವೆಗೆ ಈ ಗುಣವಿಲ್ಲ; ಬಳೆಯೊಳಗೆ ಅದು ಎಡಕ್ಕಾಗಲಿ ಬಲಕ್ಕಾಗಲಿ ಹೊರಳಬಲ್ಲುದು. ಹೊರಳಿದರೆ ಒಳಗಿನ ಎಳೆಗಳೂ ಅದರೊಡನೆ ಓರೆಯಾಗುತ್ತವೆ. ವೃತ್ತವನ್ನು ೩೬೦ ಭಾಗ ಮಾಡಿದಾಗ ದೊರೆಯುವ ಒಂದು ಭಾಗಕ್ಕೆ ಅಂಶವೆಂದೂ, ಅಂಶದ ಅರುವತ್ತನೆಯ ಪಾಲಿಗೆ ಕಲೆಯೆಂದೂ ಜ್ಯೋತಿಷಿಗಳು ಹೆಸರಿಟ್ಟಿದ್ದಾರೆ. ಒಂದು ಅಂಶದಷ್ಟು ಓರೆಯಾದರೆ ಬರಿಯ ಕಣ್ಣಿಗೆ ಅದು ಸಾಮಾನ್ಯವಾಗಿ ಗೋಚರಿಸದು.

ಇಷ್ಟು ಅಲ್ಪವಾದ ಓರೆಯಿಂದ ಆಗುವ ಹಾನಿಯೇನೆಂದು ವಾಚಕರು ಕೇಳಬಹುದು. ಗುಂಡು ನಳಿಗೆಯಿಂದ ಹೊರಟ ಕ್ಷಣದಿಂದಲೇ ಭೂಮಿಯ ಆಕರ್ಷಣಕ್ಕೆ ಒಳಗಾಗಿ ಕೆಳಕ್ಕೆ ಬೀಳತೊಡಗುತ್ತದೆ. ಎಸೆದ ವಸ್ತುವಿನ ಮಾರ್ಗವು ಬಾಗಿದ ರೇಖೆಯೆಂಬುದನ್ನು ಗೆಲಿಲಿಯೋ ೧೬೩೮ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಗಣಿತದಿಂದ ತೋರಿಸಿಕೊಟ್ಟನು. ಆದುದರಿಂದ ಗುರಿಯು ದೂರವಾದಷ್ಟೂ ನಳಿಗೆಯ ಬಾಯನ್ನು ಮೇಲಕ್ಕೆ ಎತ್ತಬೇಕು. ದೂರದರ್ಶಕದ ತಲೆಯ ಮೇಲಿರುವ ಗುಂಡಿಯನ್ನು ತಿರುವಿದರೆ ಈ ಏರಿಕೆಯು ದೊರೆಯುತ್ತದೆ. ಆದರೆ ಯಂತ್ರವು ಅರಿತಿರುವ "ಮೇಲು" ಎಂಬುದು ನೆಟ್ಟೆಳೆಯ ದಿಕ್ಕು. ಗುಂಡನ್ನು ಎಳೆಯುವ ಭೂಮಿಯು ಅರಿತಿರುವ "ಕೆಳಗು" ಎಂಬುದು ಲಂಬಸೂತ್ರದ ದಿಕ್ಕು. ಈ ಎರಡು ದಿಕ್ಕುಗಳು ಒಂದೇ ರೇಖೆಯಲ್ಲಿರದಿದ್ದರೆ, ಏರಿಕೆಯ ಒಂದು ಪಾಲು ಪಕ್ಕಕ್ಕೆ ಸರಿದು ಗುಂಡು ಎಡಕ್ಕೋ ಬಲಕ್ಕೋ ತಪ್ಪಿಹೋಗುತ್ತದೆ. ಆ ಪಾಲನ್ನು ಓರೆಯಾದ ಕೋನದ ಜ್ಯಾದಿಂದ ತಿಳಿಯಬಹುದು. ಒಂದು ಅಂಶದ ಓರೆಗೆ ಅದು ಏರಿಕೆಯ ಸುಮಾರು ಐವತ್ತೇಳರಲ್ಲಿ ಒಂದು ಪಾಲಾಗುತ್ತದೆ. ಹತ್ತಿರದ ಗುರಿಗೆ ಏರಿಕೆಯೇ ಅಲ್ಪವಾದುದರಿಂದ ದೋಷವೂ ಅಲ್ಪ. ದೂರ ಬೆಳೆದಂತೆ ಏರಿಕೆಯೂ ಅದರೊಡನೆ ದೋಷವೂ ಬೆಳೆಯುತ್ತವೆ.

೨

ನೆಟ್ಟಗಿರುವುದು ಯಾವುದು, ಸಮನಾಗಿರುವುದು ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲು ಹುಡುಕಿದವರು ಮನೆ ಗುಡಿಗಳನ್ನು ಕಟ್ಟಿದ ಶಿಲ್ಪಿಗಳು. ಐಗುಪ್ತ ದೇಶದ ದೇರ್ ಎಲ್ ಮದೀನಾ ಎಂಬಲ್ಲಿ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಸಮಾಧಿಯು ೧೮೮೬ರಲ್ಲಿ ದೊರೆಯಿತು. ಅವನ ಕಾಲವು ಕ್ರಿ. ಪೂ. ಹದಿಮೂರನೆಯ ಶತಮಾನ. ಅವನೊಡನೆ ಹೂಳಲ್ಪಟ್ಟಿದ್ದ ಉಪಕರಣಗಳಲ್ಲಿ ಮೂಲೆಮಟ್ಟವೂ, ಗೋಡೆಯ ನೆಟ್ಟನ್ನು ನೋಡುವ ತೂಗುಗುಂಡಿನ ಹಲಗೆಯೂ, ಎರಡು ಕಾಲುಗಳುಳ್ಳ ಮಟ್ಟದ ಚೌಕಟ್ಟೂ ಸೇರಿದ್ದವು. ಈ ಮೂರನೆಯ ಉಪಕರಣದ ರಚನೆಯು ಬಹು ಸರಳ. ಎರಡು ಕಾಲುಗಳು ಕೂಡುವ ತಲೆಯಿಂದ ದಾರವು ಇಳಿಯುತ್ತದೆ; ಅಡ್ಡಪಟ್ಟಿಯ ನಡುವೆ ಒಂದು ಗುರುತು ಇರುತ್ತದೆ. ದಾರವು ಗುರುತಿನ ಮೇಲೆ ನಿಂತರೆ ನೆಲವು ಸಮ. ಬೀಳುವ ದಾರದಿಂದಲೇ ಮಲಗಿದ ನೆಲವನ್ನು ಅಳೆಯಬಹುದೆಂಬ ತತ್ತ್ವವು ಇದರಲ್ಲಿ ಆಗಲೇ ಸಿದ್ಧವಾಗಿದೆ.

ರೋಮಕ ವಾಸ್ತುಕಾರನಾದ ವಿಟ್ರೂವಿಯಸನು ಕ್ರಿ. ಪೂ. ಮೊದಲನೆಯ ಶತಮಾನದಲ್ಲಿ ತನ್ನ ಗ್ರಂಥದ ಎಂಟನೆಯ ಭಾಗದಲ್ಲಿ ಕೊರೋಬೇಟಿಸ್ ಎಂಬ ಯಂತ್ರವನ್ನು ವರ್ಣಿಸಿದ್ದಾನೆ. ಅದು ೨೦ ಅಡಿ ಉದ್ದದ ಮರದ ದೂಲ. ಅದರ ತುದಿಗಳಿಗೆ ಕಾಲುಗಳಿದ್ದು, ದಾರಗಳನ್ನು ಇಳಿಯಬಿಟ್ಟು ಗುರುತುಗಳೊಡನೆ ಹೋಲಿಸಿ ನೋಡುತ್ತಿದ್ದರು. ಗಾಳಿಯು ಬೀಸಿ ದಾರಗಳು ನಿಲ್ಲದಿದ್ದರೆ ದೂಲದ ಮೇಲ್ಗಡೆ ೫ ಅಡಿ ಉದ್ದಕ್ಕೆ ತೋಡಿದ ಕಾಲುವೆಯಲ್ಲಿ ನೀರು ತುಂಬಿ, ನೀರು ಅಂಚನ್ನು ಎಲ್ಲೆಡೆಯೂ ಸಮನಾಗಿ ಮುಟ್ಟುತ್ತದೆಯೇ ಎಂದು ನೋಡಬೇಕೆಂದು ಅವನು ವಿಧಿಸುತ್ತಾನೆ. ದಾರಕ್ಕೆ ಗಾಳಿಯು ಶತ್ರುವೆಂಬ ಈ ಎಚ್ಚರಿಕೆಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಬಂದೂಕಿನ ವಿಷಯದಲ್ಲಿಯೂ ಇದೇ ಸಂಗತಿಯು ಬರುತ್ತದೆ.

ಭಾರತ ದೇಶದಲ್ಲಿ ಈ ವಿಚಾರವನ್ನು ಅತ್ಯಂತ ಸಂಕ್ಷೇಪವಾಗಿ ಹೇಳಿದವನು ಆರ್ಯಭಟ. ಕ್ರಿ. ಶ. ೪೯೯ರ ಆರ್ಯಭಟೀಯದ ಗಣಿತಪಾದದಲ್ಲಿ, ಸಮವಾದ ಭೂಮಿಯನ್ನು ನೀರಿನಿಂದಲೂ ಮೇಲುಕೆಳಗುಗಳನ್ನು ಲಂಬಕದಿಂದಲೂ ಸಾಧಿಸಬೇಕೆಂದು ಅವನು ಒಂದು ಶ್ಲೋಕದ ಅರ್ಧದಲ್ಲಿಯೇ ಮುಗಿಸಿಬಿಡುತ್ತಾನೆ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರವು ಆರಂಭವಾಗುವುದೂ ನೀರಿನಿಂದ ಶೋಧಿಸಿದ ಶಿಲಾತಲದ ಮಾತಿನಿಂದಲೇ. ದಿಕ್ಕುಗಳನ್ನು ತಿಳಿಯಲು ಶಂಕುವನ್ನು ನೆಡುವ ಮೊದಲು ಕಲ್ಲನ್ನಾಗಲಿ ವಜ್ರಲೇಪದ ನೆಲವನ್ನಾಗಲಿ ನೀರಿನಿಂದ ಸಮಮಾಡಿಕೊಳ್ಳಬೇಕು. ನೆಲವು ಓರೆಯಾದರೆ ನೆರಳೂ ಸುಳ್ಳಾಗುತ್ತದೆ; ನೆರಳು ಸುಳ್ಳಾದರೆ ದಿಕ್ಕೂ ಕಾಲವೂ ಸುಳ್ಳಾಗುತ್ತವೆ. ಐಗುಪ್ತ, ರೋಮ, ಭಾರತ ಈ ಮೂರು ದೇಶಗಳಲ್ಲಿಯೂ ಪ್ರಮಾಣಗಳು ಎರಡೇ: ಬೀಳುವ ದಾರ, ನಿಲ್ಲುವ ನೀರು.

೩

ಹದಿನೇಳನೆಯ ಶತಮಾನದಲ್ಲಿ ಈ ಎರಡು ಹಳೆಯ ಪ್ರಮಾಣಗಳಿಗೆ ಎರಡು ಹೊಸ ಸಾಧನಗಳು ಬಂದು ಸೇರಿದವು. ಮೊದಲನೆಯದು ದೂರದರ್ಶಕದೊಳಗಿನ ಎಳೆ. ಗೆಲಿಲಿಯೋ ಬಳಸಿದ ಬಗೆಯ ದೂರದರ್ಶಕದಲ್ಲಿ ಎಳೆಯನ್ನು ಇಡುವುದಕ್ಕೆ ಸ್ಥಳವಿಲ್ಲ. ಏಕೆಂದರೆ ದೂರದ ವಸ್ತುವಿನ ಬಿಂಬವು ಅದರ ಕೊಳವೆಯೊಳಗೆ ಎಲ್ಲಿಯೂ ಮೂಡುವುದಿಲ್ಲ. ೧೬೧೧ರಲ್ಲಿ ಕೆಪ್ಲರನು ಎರಡು ಉಬ್ಬುಗಾಜುಗಳ ದೂರದರ್ಶಕವನ್ನು ವಿವರಿಸಿದನು. ಇದರಲ್ಲಿ ಬಿಂಬವು ಕೊಳವೆಯೊಳಗೇ ಮೂಡುವುದರಿಂದ ಅದೇ ಸ್ಥಳದಲ್ಲಿ ಎಳೆಯೊಂದನ್ನು ಇಟ್ಟರೆ ವಸ್ತುವೂ ಎಳೆಯೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ಈ ರಹಸ್ಯವನ್ನು ಅರಿತವನು ಇಂಗ್ಲೆಂಡಿನ ಯಾರ್ಕ್‌ಷೈರಿನ ವಿಲಿಯಂ ಗ್ಯಾಸ್ಕಾಯ್ನ್. ಸುಮಾರು ೧೬೪೦ರಲ್ಲಿ, ತೆರೆದಿದ್ದ ಅವನ ಯಂತ್ರದೊಳಗೆ ಜೇಡವೊಂದು ಎಳೆಯನ್ನು ಹಾಕಿತೆಂದೂ, ಆಕಾಶವನ್ನು ನೋಡುವಾಗ ಆ ಎಳೆಯು ನಿಚ್ಚಳವಾಗಿ ಕಂಡಿತೆಂದೂ, ಅದರಿಂದಲೇ ಅವನಿಗೆ ಈ ಯುಕ್ತಿಯು ಹೊಳೆಯಿತೆಂದೂ ಹೇಳುತ್ತಾರೆ. ಅವನು ಆ ದೇಶದ ಅಂತರ್ಯುದ್ಧದಲ್ಲಿ ೧೬೪೪ರಲ್ಲಿ ಮಡಿದನು. ಅವನ ಶೋಧವು ಲೋಕಕ್ಕೆ ಚೆನ್ನಾಗಿ ತಿಳಿದುದು ೧೬೬೭ರಲ್ಲಿ ರಿಚರ್ಡ್ ಟೌನ್ಲಿ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ ಮೇಲೆ. ಜೇಡನ ಎಳೆಯು ಸಮನಾಗಿಯೂ ಅತಿ ತೆಳುವಾಗಿಯೂ ಇರುವುದರಿಂದ ಅದನ್ನು ಭೂಮಾಪನದ ಯಂತ್ರಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಬಳಸುತ್ತಿದ್ದರು.

ಎರಡನೆಯದು ಗಾಜಿನೊಳಗಿನ ಗುಳ್ಳೆ. ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೋ ಎಂಬ ವಿದ್ವಾಂಸನು ೧೬೬೧ರ ಹೊತ್ತಿಗೆ ಒಂದು ಗಾಜಿನ ಕೊಳವೆಯಲ್ಲಿ ಮದ್ಯಸಾರವನ್ನು ತುಂಬಿ, ಸ್ವಲ್ಪ ಗಾಳಿಯನ್ನು ಉಳಿಸಿ ಬಾಯಿ ಮುಚ್ಚಿದನು. ದಕ್ಷಿಣದೇಶದ ಗಾರೆಯವರು ರಸಮಟ್ಟವೆಂದು ಕರೆಯುವ ಉಪಕರಣದ ಮೂಲವು ಇದೇ. ಮದ್ಯಸಾರವು ಚಳಿಗೆ ಹೆಪ್ಪುಗಟ್ಟದು. ಗುಳ್ಳೆಯು ಅದರಲ್ಲಿ ನೀರಿಗಿಂತ ಸಲೀಸಾಗಿ ಚಲಿಸುತ್ತದೆ. ವಿಟ್ರೂವಿಯಸನ ಐದಡಿಯ ಕಾಲುವೆಯು ಬೆರಳುದ್ದದ ಗಾಜಿನೊಳಗೆ ಅಡಗಿತು. ಗಾಳಿಯ ಕಾಟವೂ ತಪ್ಪಿತು.

ಆದರೆ ಈ ಗಾಜಿನ ಮೇಲ್ಭಾಗವು ಒಳಗಡೆ ತುಸು ಬಾಗಿರಬೇಕು. ಅದು ಒಂದು ದೊಡ್ಡ ವೃತ್ತದ ತುಂಡಿನಂತಿರಬೇಕು. ವೃತ್ತವು ದೊಡ್ಡದಾದಷ್ಟೂ ಗುಳ್ಳೆಯು ಸೂಕ್ಷ್ಮ. ವೃತ್ತದ ತ್ರಿಜ್ಯವು ಒಂದು ಅಡಿಯಾದರೆ ಒಂದು ಅಂಶದ ಓರೆಗೆ ಗುಳ್ಳೆಯು ಅಂಗುಲದ ಐದನೆಯ ಒಂದು ಪಾಲು ಸರಿಯುತ್ತದೆ. ತ್ರಿಜ್ಯವು ೧೦೦ ಅಡಿಯಾದರೆ ಒಂದೇ ಒಂದು ಕಲೆಯ ಓರೆಗೆ ಅದು ಅಂಗುಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸರಿದುಬಿಡುತ್ತದೆ. ಆದಕಾರಣ ಎಲ್ಲ ಗುಳ್ಳೆಗಳೂ ಒಂದೇ ಬೆಲೆಯವಲ್ಲ. ನೋಡುವುದಕ್ಕೆ ಒಂದೇ ರೀತಿಯಾಗಿರುವ ಎರಡು ರಸಮಟ್ಟಗಳಲ್ಲಿ ಒಂದು ಪಂಡಿತನೂ ಇನ್ನೊಂದು ಪಾಮರನೂ ಆಗಿರಬಹುದು.

೪

ದಾರ, ಗುಳ್ಳೆ, ಎಳೆ ಈ ಮೂರೂ ಒಂದೇ ಯಂತ್ರದಲ್ಲಿ ಕೂಡಿದುದು ಭೂಮಾಪಕರ ಥಿಯೊಡೊಲೈಟಿನಲ್ಲಿ. ಈ ಕಥೆಯ ಒಂದು ಅಧ್ಯಾಯವು ಕನ್ನಡ ನಾಡಿನಲ್ಲಿಯೇ ನಡೆಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ದಕ್ಷಿಣಭಾರತವನ್ನು ತ್ರಿಕೋನಗಳಿಂದ ಅಳೆಯುವ ಕಾರ್ಯವನ್ನು ಕೈಕೊಂಡು, ೧೮೦೦ರಲ್ಲಿ ಬೆಂಗಳೂರಿನ ಬಳಿ ೭ ಮೈಲಿಗೆ ಮಿಗಿಲಾದ ಆಧಾರರೇಖೆಯೊಂದನ್ನು ಸರಪಣಿಯಿಂದ ಅಳೆದನು. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಾಪನವನ್ನು ಆರಂಭಿಸಿದನು. ಲಂಡನ್ನಿನ ಕೇರಿ ಎಂಬ ಯಂತ್ರಕಾರನು ಅವನಿಗಾಗಿ ಮಾಡಿಕೊಟ್ಟ ಥಿಯೊಡೊಲೈಟು ಸುಮಾರು ಅರ್ಧ ಟನ್ ತೂಗುತ್ತಿತ್ತು. ೧೮೦೮ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗವು ಜಾರಿ, ಯಂತ್ರವು ಗೋಡೆಗೆ ಬಡಿದು ಅದರ ವೃತ್ತವು ಸೊಟ್ಟಗಾಯಿತು. ಲ್ಯಾಂಬ್ಟನ್ನನು ಗುಡಾರದೊಳಗೆ ಕುಳಿತು ವಾರಗಟ್ಟಲೆ ಶ್ರಮಪಟ್ಟು ಅದನ್ನು ತಾನೇ ಸರಿಪಡಿಸಿದನು.

ಭೂಮಾಪಕರಿಂದ ಲೋಕಕ್ಕೆ ದೊರೆತ ಒಂದು ದೊಡ್ಡ ಉಪಾಯವೆಂದರೆ ಗುಳ್ಳೆಯನ್ನೇ ಪರೀಕ್ಷಿಸುವ ಕ್ರಮ. ರಸಮಟ್ಟವನ್ನು ಒಂದು ಸ್ಥಳದಲ್ಲಿಟ್ಟು ಗುಳ್ಳೆಯ ಸ್ಥಾನವನ್ನು ಗುರುತಿಸಬೇಕು. ಬಳಿಕ ಅದೇ ಸ್ಥಳದಲ್ಲಿ ಅದರ ತಲೆ ಬಾಲಗಳನ್ನು ಅದಲುಬದಲು ಮಾಡಿ ಇಡಬೇಕು. ಎರಡು ಬಾರಿಯೂ ಗುಳ್ಳೆಯು ನಡುವೆ ನಿಂತರೆ ನೆಲವೂ ಸಮ, ರಸಮಟ್ಟವೂ ಸತ್ಯ. ಬೇರೆ ಬೇರೆ ಕಡೆಗೆ ಸರಿದರೆ ಆ ಅಂತರದಲ್ಲಿ ಅರ್ಧವು ರಸಮಟ್ಟದ ದೋಷ; ಎರಡು ಸ್ಥಾನಗಳ ಸರಾಸರಿಯು ತೋರಿಸುವುದು ಅದನ್ನಿಟ್ಟ ಸ್ಥಳದ ದೋಷ. ಈ ಕ್ರಮದಿಂದ ಸುಳ್ಳು ಹೇಳುವ ಸಾಕ್ಷಿಯ ಬಾಯಿಂದಲೇ ಸತ್ಯವನ್ನು ಹೊರಡಿಸಬಹುದು.

೫

ಭೂಮಾಪಕರ ಈ ವಿದ್ಯೆಯು ಬಂದೂಕಿನ ಕಡೆಗೆ ಹರಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕಾ ದೇಶದಲ್ಲಿದ್ದ ಜಾನ್ ರಾಟ್‌ಕ್ಲಿಫ್ ಚಾಪ್‌ಮನ್ ಎಂಬವನು ೧೮೪೮ರಲ್ಲಿ ಗುರಿಕಾರರಿಗಾಗಿ ಒಂದು ಪುಸ್ತಕವನ್ನು ಪ್ರಕಟಿಸಿ, ನ್ಯೂಯಾರ್ಕ್ ಸಂಸ್ಥಾನದ ಯುಟಿಕಾ ನಗರದ ಮಾರ್ಗನ್ ಜೇಮ್ಸ್ ಎಂಬ ಬಂದೂಕುಗಾರನು ಮಾಡುತ್ತಿದ್ದ ದೂರದರ್ಶಕವನ್ನು ಅದರಲ್ಲಿ ವಿವರಿಸಿದನು. ಚಾಪ್‌ಮನ್ನನು ವೃತ್ತಿಯಿಂದ ಇಂಜಿನಿಯರಾಗಿದ್ದನೆಂಬುದು ಇಲ್ಲಿ ಗಮನಾರ್ಹವಾದ ಸಂಗತಿ. ಆ ದೂರದರ್ಶಕಗಳು ಹೆಚ್ಚುಕಡಮೆ ನಳಿಗೆಯಷ್ಟೇ ಉದ್ದವಾಗಿದ್ದವು. ೧೮೫೫ರಲ್ಲಿ ಸಿರಾಕ್ಯೂಸ್ ನಗರದ ವಿಲಿಯಂ ಮಾಲ್ಕಂ ಇನ್ನೂ ಉತ್ತಮವಾದ ಗಾಜುಗಳಿಂದ ಇವನ್ನು ಮಾಡತೊಡಗಿದನು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕಾದ ಅಂತರ್ಯುದ್ಧದಲ್ಲಿ ಇಂತಹ ಬಂದೂಕುಗಳು ಎರಡು ಪಕ್ಷಗಳಲ್ಲಿಯೂ ಇದ್ದವು. ದಕ್ಷಿಣದವರ ಕೈಯ ವಿಟ್‌ವರ್ತ್ ಬಂದೂಕುಗಳಲ್ಲಿ ಕೆಲವಕ್ಕೆ ಡೇವಿಡ್‌ಸನ್ನನ ದೂರದರ್ಶಕವನ್ನು ಎಡಪಕ್ಕದಲ್ಲಿ ಜೋಡಿಸಿದ್ದರು.

ಆದರೆ ಓರೆಯ ದೋಷವು ಎಷ್ಟು ದೊಡ್ಡದೆಂಬುದು ಚೆನ್ನಾಗಿ ತಿಳಿಯುವುದು ಯುದ್ಧದ ಕಥೆಯಿಂದಲ್ಲ. ಒಂದು ಪಂದ್ಯದ ಕಥೆಯಿಂದ. ೧೮೭೩ರಲ್ಲಿ ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ಎಲ್ಕೋ ಷೀಲ್ಡನ್ನು ಗೆದ್ದ ಐರ್ಲೆಂಡಿನ ಗುರಿಕಾರರು ಪತ್ರಿಕೆಯ ಮೂಲಕ ಅಮೆರಿಕನ್ನರನ್ನು ಪಂದ್ಯಕ್ಕೆ ಕರೆದರು. ೧೮೭೪ನೆಯ ಸೆಪ್ಟೆಂಬರ್ ೨೬ರಂದು ನ್ಯೂಯಾರ್ಕಿನ ಬಳಿ ಕ್ರೀಡ್‌ಮೂರ್ ಎಂಬ ಬಯಲಿನಲ್ಲಿ ಪಂದ್ಯವು ನಡೆಯಿತು. ಪಕ್ಷಕ್ಕೆ ಆರು ಮಂದಿ. ಒಬ್ಬೊಬ್ಬನಿಗೆ ೮೦೦, ೯೦೦, ೧,೦೦೦ ಗಜಗಳ ದೂರಗಳಲ್ಲಿ ಹದಿನೈದು ಹದಿನೈದು ಹೊಡೆತಗಳು. ಗುರಿಹಲಗೆಯ ನಡುವಿನ ಮೂರಡಿ ಚೌಕಕ್ಕೆ ತಗುಲಿದರೆ ನಾಲ್ಕು ಅಂಕ. ದೂರದರ್ಶಕಗಳಿಗೆ ಅನುಮತಿಯಿರಲಿಲ್ಲ. ಆದರೆ ಅಂದಿನ ದೂರದ ಪಂದ್ಯಗಳಿಗೆಂದೇ ಮಾಡಿದ ಬಂದೂಕುಗಳಲ್ಲಿ ನಳಿಗೆಯ ತುದಿಯ ಗುರಿಮೊನೆಯ ಬಳಿ ಒಂದು ಪುಟ್ಟ ರಸಮಟ್ಟವನ್ನು ಅಡ್ಡಲಾಗಿ ಕೂಡಿಸುವುದು ವಾಡಿಕೆಯಾಗಿತ್ತು. ಗುರಿಕಾರನು ಗುರಿಯನ್ನು ನೋಡುತ್ತಲೇ ಗುಳ್ಳೆಯನ್ನೂ ನೋಡಿ ಬಂದೂಕನ್ನು ನೆಟ್ಟಗೆ ಹಿಡಿಯುತ್ತಿದ್ದನು.

ಇದರ ಅಗತ್ಯವನ್ನು ಲೆಕ್ಕದಿಂದ ತಿಳಿಯಬಹುದು. ಕರಿಮದ್ದಿನ ಆ ಬಂದೂಕುಗಳ ಗುಂಡು ಭಾರವಾದುದು, ವೇಗವು ಕಡಮೆ. ೧,೦೦೦ ಗಜಗಳಿಗೆ ನಳಿಗೆಯನ್ನು ಸುಮಾರು ಎರಡೂವರೆ ಅಂಶದಷ್ಟು ಎತ್ತಬೇಕಾಗಿತ್ತೆಂದು ಇಟ್ಟುಕೊಂಡರೆ, ೩,೦೦೦ ಅಡಿ ದೂರದಲ್ಲಿ ಆ ಏರಿಕೆಯು ಸುಮಾರು ೧೩೦ ಅಡಿಯಾಗುತ್ತದೆ. ಬಂದೂಕು ಒಂದು ಅಂಶ ವಾಲಿದರೆ ಅದರ ಐವತ್ತೇಳನೆಯ ಒಂದು ಪಾಲು, ಎಂದರೆ ಎರಡು ಅಡಿಗೆ ಮಿಗಿಲಾಗಿ, ಗುಂಡು ಪಕ್ಕಕ್ಕೆ ಹೋಗುತ್ತದೆ. ಮೂರಡಿ ಚೌಕದ ನಡುವಿನಿಂದ ಅದರ ಅಂಚಿಗೆ ಇರುವುದು ಒಂದೂವರೆ ಅಡಿ ಮಾತ್ರ. ಆದುದರಿಂದ ಬೇರೆಲ್ಲವೂ ಸರಿಯಾಗಿದ್ದು ನಡುವಿಗೆ ತಗುಲಬೇಕಾಗಿದ್ದ ಗುಂಡು, ಕಣ್ಣಿಗೆ ಕಾಣದ ಒಂದು ಅಂಶದ ಓರೆಯಿಂದಲೇ ಚೌಕದ ಹೊರಗೆ ಬೀಳುವುದು.

ಪಂದ್ಯವು ಕೊನೆಯ ಹೊಡೆತದವರೆಗೂ ತೂಗಾಡಿತು. ೮೦೦ ಗಜಗಳಲ್ಲಿ ಅಮೆರಿಕನ್ನರಿಗೆ ೩೨೬, ಐರಿಷರಿಗೆ ೩೧೭. ೯೦೦ ಗಜಗಳಲ್ಲಿ ೩೧೦ಕ್ಕೆ ೩೧೨. ೧,೦೦೦ ಗಜಗಳಲ್ಲಿ ೨೯೮ಕ್ಕೆ ೩೦೨. ಕಟ್ಟಕಡೆಯ ಹೊಡೆತವು ಅಮೆರಿಕಾದ ಕರ್ನಲ್ ಜಾನ್ ಬೋಡೈನನದು. ಆಗ ಅವನ ಪಕ್ಷವು ಒಂದು ಅಂಕದಿಂದ ಹಿಂದಿತ್ತು. ಅದಕ್ಕೆ ತುಸು ಮುಂಚೆ ಸೀಸೆಯೊಂದು ಒಡೆದು ಅವನ ಕೈಗೆ ಗಾಯವಾಗಿತ್ತೆಂದು ಹೇಳುತ್ತಾರೆ. ಗುಂಡು ನಡುವಿನ ಚೌಕವನ್ನೇ ತಗುಲಿತು. ೯೩೪ಕ್ಕೆ ೯೩೧ರಂತೆ ಅಮೆರಿಕನ್ನರು ಗೆದ್ದರು. ಐರಿಷ್ ಪಕ್ಷದ ಮಿಲ್ನರನು ೯೦೦ ಗಜಗಳಲ್ಲಿ ಒಂದು ಹೊಡೆತವನ್ನು ನಡುವಿಗೇ ಹೊಡೆದಿದ್ದನು. ಆದರೆ ಅದು ಪಕ್ಕದವರ ಹಲಗೆಯಾದುದರಿಂದ ಸೊನ್ನೆಯೆಂದು ಎಣಿಸಲ್ಪಟ್ಟಿತು. ಆ ನಾಲ್ಕು ಅಂಕಗಳು ಸಿಕ್ಕಿದ್ದರೆ ಗೆಲುವು ಐರ್ಲೆಂಡಿನದಾಗುತ್ತಿತ್ತು. ಇನ್ನೂರ ಎಪ್ಪತ್ತು ಇನ್ನೂರ ಎಪ್ಪತ್ತು ಹೊಡೆತಗಳ ಮೇಲೆ ಮೂರೇ ಅಂಕಗಳ ಅಂತರವಾಗುವ ಪಂದ್ಯದಲ್ಲಿ ಎರಡು ಪಕ್ಷದವರೂ ಅಂಗುಲದ ಗುಳ್ಳೆಯೊಂದನ್ನು ಏಕೆ ಆದರಿಸುತ್ತಿದ್ದರೆಂಬುದಕ್ಕೆ ಬೇರೆ ವ್ಯಾಖ್ಯಾನವು ಬೇಕಿಲ್ಲ.

೬

೧೯೧೪ರ ಮಹಾಯುದ್ಧದಲ್ಲಿ ಪಂದ್ಯದ ಅಂಕಗಳ ಸ್ಥಾನದಲ್ಲಿ ಮನುಷ್ಯರ ಪ್ರಾಣಗಳು ಬಂದವು. ಜರ್ಮನರು ಬೇಟೆಗಾರರ ದೂರದರ್ಶಕಗಳನ್ನು ಆರಂಭದಲ್ಲಿಯೇ ಕಂದಕಗಳಿಗೆ ತಂದಿದ್ದರು. ಆಂಗ್ಲರು ಅವಸರದಿಂದ ತಮ್ಮ ಸೈನ್ಯಕ್ಕೂ ಅವನ್ನು ಒದಗಿಸಿದರು. ಅವರ ಬಂದೂಕಿಗೆ ಮೇಲಿನಿಂದ ತೋಟಾಗಳನ್ನು ತುಂಬಬೇಕಾಗಿದ್ದುದರಿಂದ ದೂರದರ್ಶಕವನ್ನು ಎಡಪಕ್ಕಕ್ಕೆ ಸರಿಸಿ ಕೂಡಿಸಿದ್ದೂ ಉಂಟು. ಹೆಸ್ಕೆತ್ ಪ್ರಿಚರ್ಡ್ ಎಂಬ ಅಧಿಕಾರಿಯು ಕಂದಕಗಳಲ್ಲಿ ತಿರುಗಿ ನೋಡಿದಾಗ, ದೂರದರ್ಶಕವುಳ್ಳ ಬಂದೂಕುಗಳಲ್ಲಿ ಹಲವು ಕ್ರಮತಪ್ಪಿದ್ದುದೂ, ಅವನ್ನು ಹಿಡಿದವರಿಗೆ ಅವುಗಳ ಜೋಡಣೆಯ ವಿಷಯವೇ ತಿಳಿಯದಿದ್ದುದೂ ಅವನಿಗೆ ಕಂಡುಬಂದಿತು. ೧೯೧೬ರಲ್ಲಿ ಅವನು ಫ್ರಾನ್ಸಿನಲ್ಲಿ ಇದಕ್ಕಾಗಿಯೇ ಒಂದು ಶಾಲೆಯನ್ನು ನಡೆಸತೊಡಗಿದನು. ೧೯೨೦ರಲ್ಲಿ ಆ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದನು. ಒಳ್ಳೆಯ ಗಾಜೂ ಒಳ್ಳೆಯ ನಳಿಗೆಯೂ ಇದ್ದರೂ, ಇವೆರಡನ್ನು ಕೂಡಿಸುವ ವಿದ್ಯೆಯಿಲ್ಲದಿದ್ದರೆ ಎರಡೂ ವ್ಯರ್ಥವೆಂಬುದು ಅವನ ಬೋಧನೆಯ ಸಾರ.

೧೯೩೦ರಲ್ಲಿ ಅಮೆರಿಕಾದ ವಿಲಿಯಂ ವೀವರನು ಅಗ್ಗವಾದ ದೂರದರ್ಶಕವನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಸಾಮಾನ್ಯ ಬೇಟೆಗಾರರ ಕೈಗೂ ಬಂದಿತು. ಅದರೊಡನೆ ಜೋಡಿಸುವ ಕೆಲಸವೂ ಬಂದೂಕುಗಾರನ ಅಂಗಡಿಯಿಂದ ಮನೆಯ ಮೇಜಿಗೆ ಇಳಿಯಿತು. ೧೯೯೫ರಲ್ಲಿ ಅಮೆರಿಕಾದ ಸೈನ್ಯವು ಬಂದೂಕಿನ ಮೇಲಿನ ಹಲ್ಲುಪಟ್ಟಿಗೆ ಒಂದೇ ಅಳತೆಯನ್ನು ಗೊತ್ತುಮಾಡಿತು. ಗುಳ್ಳೆಯನ್ನು ಇಡುವುದಕ್ಕೆ ಸಪಾಟಾದ ಸ್ಥಳವೊಂದು ಇದರಿಂದ ಬಂದೂಕಿನ ಮೇಲೆಯೇ ದೊರೆತಂತಾಯಿತು.

ಈಗ ಬಳಕೆಯಲ್ಲಿರುವ ಉಪಕರಣಗಳು ಮೂರು ಬಗೆ. ಮೊದಲನೆಯದು ಜೋಡಿ ರಸಮಟ್ಟಗಳು: ಒಂದನ್ನು ಬಂದೂಕಿನ ಹಲ್ಲುಪಟ್ಟಿಯ ಮೇಲೆಯೂ ಇನ್ನೊಂದನ್ನು ದೂರದರ್ಶಕದ ಗುಂಡಿಯ ಮುಚ್ಚಳದ ಮೇಲೆಯೂ ಇಟ್ಟು, ಎರಡು ಗುಳ್ಳೆಗಳೂ ನಡುವೆ ನಿಂತಾಗ ಬಳೆಗಳನ್ನು ಬಿಗಿಯುವುದು. ಎರಡನೆಯದು ಬೆಣೆ: ದೂರದರ್ಶಕದ ನಡುಭಾಗದ ಕೆಳಗಿನ ಸಪಾಟಾದ ತಳಕ್ಕೂ ಹಲ್ಲುಪಟ್ಟಿಗೂ ನಡುವೆ ತೆಳುವಾದ ತಗಡುಗಳನ್ನಾಗಲಿ ಬೆಣೆಯನ್ನಾಗಲಿ ತೂರಿಸಿ, ಎರಡು ಮೈಗಳೂ ಸಮಾನಾಂತರವಾಗುವಂತೆ ಮಾಡುವುದು. ಮೂರನೆಯದು ಲಂಬಸೂತ್ರವೇ: ಗಾಳಿಯಿಲ್ಲದ ಕಡೆ ದೂರದಲ್ಲಿ ದಾರವನ್ನು ತೂಗುಬಿಟ್ಟು, ಬಂದೂಕನ್ನು ಸಮನಾಗಿ ನಿಲ್ಲಿಸಿ, ನೆಟ್ಟೆಳೆಯು ಆ ದಾರವನ್ನು ಮುಚ್ಚುವವರೆಗೆ ಕೊಳವೆಯನ್ನು ಹೊರಳಿಸುವುದು. ಕೆಲವರು ದೂರದರ್ಶಕದೊಳಕ್ಕೆ ದೀಪದ ಬೆಳಕನ್ನು ಹಾಯಿಸಿ, ಗೋಡೆಯ ಮೇಲೆ ಬೀಳುವ ಎಳೆಗಳ ನೆರಳನ್ನೇ ದಾರದೊಡನೆ ಕೂಡಿಸುವುದೂ ಉಂಟು. ಯಾವ ಕ್ರಮವಾದರೂ ಕೊನೆಯಲ್ಲಿ ತಿರುಪುಮೊಳೆಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು; ಒಂದೇ 쪽ಕ್ಕೆ ಬಿಗಿದರೆ ಕೊಳವೆಯು ಆ ಬಿಗಿತದಿಂದಲೇ ಹೊರಳಿಬಿಡುತ್ತದೆ.

೭

ಮೊದಲನೆಯ ಎರಡು ಕ್ರಮಗಳಲ್ಲಿ ತರ್ಕಶಾಸ್ತ್ರದವರು ಅನವಸ್ಥೆಯೆಂದು ಕರೆಯುವ ದೋಷವು ಅಡಗಿದೆ. ಮುಚ್ಚಳದ ಮೇಲಿನ ಗುಳ್ಳೆಯು ಹೇಳುವುದು ಮುಚ್ಚಳದ ವಿಷಯವನ್ನು; ಒಳಗಿನ ಎಳೆಯ ವಿಷಯವನ್ನಲ್ಲ. ಮುಚ್ಚಳವೂ ಎಳೆಯೂ ಒಂದಕ್ಕೊಂದು ಸರಿಯಾಗಿವೆಯೆಂದು ಕಾರ್ಖಾನೆಯವನನ್ನು ನಂಬಬೇಕು. ಬೆಣೆಯ ಕ್ರಮದಲ್ಲಿ ತಳದ ಮೈಯನ್ನು ನಂಬಬೇಕು. ಗುಳ್ಳೆಯನ್ನೂ ಪರೀಕ್ಷಿಸದೆ ನಂಬಲಾಗದು. ಹೀಗೆ ಒಂದನ್ನು ಇನ್ನೊಂದು ನಂಬುತ್ತ ಹೋದರೆ ಅದು ಅಂಧಪರಂಪರೆಯಾಗುವುದೇ ಸರಿ. ಲಂಬಸೂತ್ರದಲ್ಲಿ ಈ ತೊಡಕಿಲ್ಲ. ಅದನ್ನು ಯಾರೂ ತಿದ್ದಿ ಸರಿಪಡಿಸಿರುವುದಿಲ್ಲ; ಗುಂಡನ್ನು ಎಳೆಯುವ ಭೂಮಿಯೇ ದಾರವನ್ನೂ ಎಳೆಯುತ್ತದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಅದು ಸ್ವತಃಪ್ರಮಾಣ.

ಇದರಿಂದ ಇನ್ನೊಂದು ಸೂಕ್ಷ್ಮವೂ ಸ್ಪಷ್ಟವಾಗುತ್ತದೆ. ಎಳೆಗಳು ಬಂದೂಕಿಗೆ ಸರಿಯಾಗಿರುವುದು ಬೇರೆ, ಭೂಮಿಗೆ ಸರಿಯಾಗಿರುವುದು ಬೇರೆ. ದೂರದರ್ಶಕವು ನಳಿಗೆಗಿಂತ ಎರಡು ಅಂಗುಲ ಮೇಲಿದ್ದು, ಬಂದೂಕಿನ ಲೆಕ್ಕಕ್ಕೆ ಮೂರು ಅಂಶ ಓರೆಯಾಗಿ ಕೂತಿದೆಯೆಂದು ಭಾವಿಸೋಣ. ಹೊಡೆಯುವಾಗ ನೆಟ್ಟೆಳೆಯು ಲಂಬಸೂತ್ರಕ್ಕೆ ಸರಿಯಾಗಿದ್ದರೆ, ನಳಿಗೆಯು ಪಕ್ಕಕ್ಕೆ ಸರಿದಿರುವುದು ಅಂಗುಲದ ಹತ್ತನೆಯ ಒಂದು ಪಾಲು ಮಾತ್ರ. ೧೦೦ ಗಜಗಳಿಗೆ ಗುರಿ ಕಟ್ಟಿದ ಆ ಬಂದೂಕಿನ ಗುಂಡು ೧,೦೦೦ ಗಜಗಳಲ್ಲಿ ಈ ಕಾರಣದಿಂದ ಒಂದು ಅಂಗುಲವೂ ತಪ್ಪುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಎಳೆಯು ಬಂದೂಕಿಗೆ ಸರಿಯಾಗಿದ್ದು, ಹೊಡೆಯುವಾಗ ಎರಡೂ ಕೂಡಿ ಭೂಮಿಯ ಲೆಕ್ಕಕ್ಕೆ ಮೂರು ಅಂಶ ವಾಲಿದವೆಂದು ಭಾವಿಸೋಣ. ಈಗಿನ ವೇಗದ ಗುಂಡಿಗೆ ಆ ದೂರದಲ್ಲಿ ೩೦ ಅಡಿಗಳ ಏರಿಕೆಯು ಬೇಕಾದರೂ, ಗುಂಡು ಒಂದೂವರೆ ಅಡಿಗೂ ಹೆಚ್ಚಾಗಿ ಪಕ್ಕಕ್ಕೆ ಹೋಗುತ್ತದೆ. ಆದಕಾರಣವೇ ಬಲ್ಲವರು ದೂರದರ್ಶಕವನ್ನು ಕೂಡಿಸಿದ ಬಳಿಕ, ನೆಟ್ಟೆಳೆಯು ತೂಗುವ ದಾರದೊಡನೆ ಸೇರಿರುವಾಗಲೇ, ಕೊಳವೆಯ ಮೇಲೆ ಒಂದು ಪುಟ್ಟ ರಸಮಟ್ಟವನ್ನು ಶಾಶ್ವತವಾಗಿ ಬಿಗಿಯುತ್ತಾರೆ. ಬೆಟ್ಟದ ಓರೆಯಲ್ಲಿ ನಿಂತವನಿಗೆ ಓರೆಯಾದ ನೆಲವೇ ಸಮನಾಗಿ ತೋರುವುದುಂಟು. ಅಲ್ಲಿ ದಾರವನ್ನು ತೂಗುಬಿಡಲಾಗದು. ದಾರದ ಸಾಕ್ಷ್ಯವನ್ನು ಗುಳ್ಳೆಯು ಅಲ್ಲಿಗೂ ಹೊತ್ತು ತರುತ್ತದೆ. ಕ್ರೀಡ್‌ಮೂರಿನ ಗುಳ್ಳೆಯು ಮಾಡುತ್ತಿದ್ದುದೂ ಇದೇ ಕೆಲಸವನ್ನು.

ಕಟ್ಟಕಡೆಯ ಪರೀಕ್ಷೆಯು ಗುಂಡಿನದೇ. ೧೦೦ ಗಜಗಳಲ್ಲಿ ಎತ್ತರವಾದ ಹಲಗೆಯ ಮೇಲೆ ಲಂಬಸೂತ್ರದಿಂದ ಒಂದು ನೆಟ್ಟನೆಯ ಗೆರೆಯನ್ನು ಎಳೆದು, ಅದರ ಬುಡಕ್ಕೆ ಗುರಿಯಿಟ್ಟು ಹೊಡೆಯುತ್ತಾರೆ. ಬಳಿಕ ಗುಂಡಿಯನ್ನು ೩೦ ಕಲೆಗಳಷ್ಟು ತಿರುವಿ ಅದೇ ಬುಡಕ್ಕೆ ಗುರಿಯಿಟ್ಟು ಮತ್ತೆ ಹೊಡೆಯುತ್ತಾರೆ. ಗುಂಡುಗಳು ಸುಮಾರು ೩೧ ಅಂಗುಲ ಮೇಲಕ್ಕೆ ಏರಿರಬೇಕು, ಗೆರೆಯ ಮೇಲೆಯೇ ಇರಬೇಕು. ಅರ್ಧ ಅಂಗುಲದಷ್ಟು ಗೆರೆಯಿಂದ ಸರಿದಿದ್ದರೆ ಎಲ್ಲಿಯೋ ಒಂದು ಅಂಶದ ಓರೆಯುಂಟೆಂದು ತಿಳಿಯಬೇಕು. ಒಂದು ಅಗುಳನ್ನು ಹಿಸುಕಿ ಅನ್ನವು ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ನಡೆಯದು. ಬುಡದಲ್ಲಿ ಸರಿಯಾಗಿ ತಗುಲಿದ ಗುಂಡು ತುದಿಯ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಆದುದರಿಂದ ಬುಡವನ್ನೂ ತುದಿಯನ್ನೂ ಎರಡನ್ನೂ ನೋಡಬೇಕು.

ಸೆನ್ನೆಜೆಮನ ಚೌಕಟ್ಟಿನಿಂದ ಈ ಹಲಗೆಯವರೆಗೆ ಗಾಜು ಬಂದಿತು, ಗುಳ್ಳೆ ಬಂದಿತು, ಜೇಡನ ಎಳೆ ಬಂದಿತು, ಹಲ್ಲುಪಟ್ಟಿ ಬಂದಿತು. ಇವುಗಳಲ್ಲಿ ಯಾವುದೂ ದಾರವನ್ನು ಅಧಿಕಾರದಿಂದ ಇಳಿಸಲಿಲ್ಲ. ದಾರವು ಹೋಗಲಾರದ ಸ್ಥಳಗಳಿಗೆ ಅದರ ಮಾತನ್ನು ಒಯ್ದವು, ಅಷ್ಟೆ. ಒಯ್ದ ಮಾತು ಸರಿಯೋ ತಪ್ಪೋ ಎಂಬ ಸಂದೇಹವು ಬಂದಾಗ ಇಂದಿಗೂ ಗುರಿಕಾರನು ಒಂದು ಮೊಳೆಯಿಂದ ದಾರವನ್ನು ಇಳಿಯಬಿಟ್ಟು, ಅದು ತೂಗಾಡುವುದನ್ನು ನಿಲ್ಲಿಸುವವರೆಗೆ ಕಾದಿರುತ್ತಾನೆ.